ಪ್ರವಾಸದ ದಿನಗಳಿಗಾಗಿ ಮುಟ್ಟನ್ನು ಮುಂದೂಡುವುದು: ಗರ್ಭನಿರೋಧಕ ಮಾತ್ರೆಯನ್ನು ಬಳಸುವ ಕ್ರಮ

ಬೇಸಿಗೆ ರಜೆ ಮತ್ತು ಡಿಸೆಂಬರ್ ರಜೆಗಳು ಹತ್ತಿರವಾಗುತ್ತಿದ್ದಂತೆ ನನ್ನ ಚಿಕಿತ್ಸಾಲಯದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ನಾಡಿದ್ದು ಹೊರಡ್ತಾ ಇದೀವಿ ಮೇಡಂ, ಡೇಟ್ ಅದೇ ವಾರದಲ್ಲೇ ಇದೆ, ಮುಂದೆ ಹೋಗೋದಕ್ಕೆ ಒಂದು ಮಾತ್ರೆ ಬರೆದುಕೊಡಿ." ಟಿಕೆಟ್ಟನ್ನು ಮೂರು ತಿಂಗಳು ಮೊದಲೇ ಕಾದಿರಿಸಿ, ಸ್ವೆಟರು, ಚಪ್ಪಲಿ, ಚಟ್ನಿಪುಡಿಯವರೆಗೆ ಎಲ್ಲವನ್ನೂ ಪಟ್ಟಿ ಮಾಡಿಕೊಂಡಿರುವ ಹೆಂಗಸರು ಈ ಒಂದು ವಿಷಯವನ್ನು ಮಾತ್ರ ಕೊನೆಯ ಎರಡು ದಿನಗಳಿಗೆ ಬಿಟ್ಟಿರುತ್ತಾರೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿರುವ ದಾರಿ ಒಂದೇ, ಅದೂ ಎಲ್ಲರಿಗೂ ಒಗ್ಗುವುದಿಲ್ಲ. ಒಂದೂವರೆ ತಿಂಗಳು ಮೊದಲು ಬಂದಿದ್ದರೆ ಇದಕ್ಕಿಂತ ನೆಮ್ಮದಿಯಾದ, ಹೆಚ್ಚು ನಂಬಬಹುದಾದ ಇನ್ನೊಂದು ದಾರಿ ಇರುತ್ತಿತ್ತು. ಆ ದಾರಿ ಸಾಮಾನ್ಯ ಗರ್ಭನಿರೋಧಕ ಮಾತ್ರೆಯದು. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲಿಗೆ, ಇದು ಅಗತ್ಯವೇ ಎಂಬುದನ್ನು ಪ್ರಯಾಣ ಮಾಡುವ ಹೆಣ್ಣೇ ತೀರ್ಮಾನಿಸಬೇಕು. ಮುಟ್ಟಿನ ದಿನಗಳಲ್ಲಿ ಪ್ರಯಾಣ ಮಾಡಬಾರದು ಎಂಬ ವೈದ್ಯಕೀಯ ನಿಯಮ ಯಾವುದೂ ಇಲ್ಲ. ಮುಟ್ಟಿನ ಬಟ್ಟಲು, ಒಳ್ಳೆಯ ಪ್ಯಾಡು, ಹೊಟ್ಟೆನೋವಿಗೆ ಒಂದು ಮಾತ್ರೆ ಇಟ್ಟುಕೊಂಡು ಆರಾಮವಾಗಿ ಊರು ಸುತ್ತುವವರು ಬಹಳ ಮಂದಿ ಇದ್ದಾರೆ. ಆದರೆ ಒಂದೂವರೆ ದಿನದ ರೈಲು ಪ್ರಯಾಣ, ಶೌಚಾಲಯವೇ ಇಲ್ಲದ ಚಾರಣದ ದಾರಿ, ನೇತ್ರಾಣಿಯಲ್ಲಿ ಮೊದಲ ಬಾರಿಗೆ ನೀರಿಗಿಳಿಯುವ ಆಸೆ, ಅಥವಾ ಮೊದಲೆರಡು ದಿನ ಮೇಲೇಳಲಾಗದಷ್ಟು ನೋವು ಮತ್ತು ಸ್ರಾವ ಇರುವ ಶರೀರ, ಇವೆಲ್ಲವೂ ಮುಂದೂಡುವುದಕ್ಕೆ ತಕ್ಕ ಕಾರಣಗಳೇ ಆಗಿವೆ. ಅತ್ತೆಯೋ ಗಂಡನೋ ಪ್ರಶ್ನೆ ಕೇಳಿ, ಮಾತ್ರೆ ನುಂಗಬೇಕಾದವಳು ತಲೆತಗ್ಗಿಸಿ ಕುಳಿತಿದ್ದರೆ ನಾನು ಆಕೆಯನ್ನು ಒಬ್ಬಳನ್ನೇ ಒಳಗೆ ಕರೆದು "ನಿನಗೆ ಬೇಕಾ?" ಎಂದು ಕೇಳುತ್ತೇನೆ. ಬೇಡ ಎಂದವರಿಗೆ ನಾನು ಬರೆದುಕೊಡುವುದಿಲ್ಲ.

ಒಳಗೆ ಏನು ನಡೆಯುತ್ತದೆ

ಬಹುತೇಕ ಎಲ್ಲರೂ ಕೇಳುವ ಭಯವೊಂದಿದೆ: ಬರಬೇಕಾದ ರಕ್ತ ಬಾರದಿದ್ದರೆ ಒಳಗೇ ಕಟ್ಟಿಕೊಂಡು ಗಂಟಾಗುವುದಿಲ್ಲವೇ? ಆಗುವುದಿಲ್ಲ. ಮುಟ್ಟಿನ ರಕ್ತ ಎಲ್ಲೋ ಒಂದು ಕಡೆ ಶೇಖರವಾಗಿದ್ದು ದಿನ ಬಂದಾಗ ಹೊರಬೀಳುವ ವಸ್ತುವಲ್ಲ. ಪ್ರತಿ ತಿಂಗಳು ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಆ ಪದರವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಆ ಹಾರ್ಮೋನಿನ ಮಟ್ಟ ಕುಸಿದು ಪದರ ಕಳಚಿ ಬೀಳುತ್ತದೆ. ಈ ಕುಸಿತವೇ ಮುಟ್ಟಿಗೆ ಕಾರಣ. ಮಾತ್ರೆಯ ಮೂಲಕ ಹಾರ್ಮೋನನ್ನು ದಿನವೂ ಒದಗಿಸುತ್ತಿದ್ದರೆ ಕುಸಿತವೂ ಇಲ್ಲ, ಕಳಚುವಿಕೆಯೂ ಇಲ್ಲ. ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಮತ್ತು ಪ್ರೊಜೆಸ್ಟರಾನಿನಂತೆಯೇ ಕೆಲಸ ಮಾಡುವ ಪ್ರೊಜೆಸ್ಟೋಜೆನ್ ಎರಡೂ ಇರುವುದರಿಂದ ಅಂಡವೇ ಬಿಡುಗಡೆಯಾಗುವುದಿಲ್ಲ, ಒಳಪದರವೂ ತೆಳ್ಳಗೇ ಉಳಿಯುತ್ತದೆ. ಹಾಗಾಗಿ ಕಟ್ಟಿಕೊಳ್ಳುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಮಾತ್ರೆ ಸೇವಿಸುವವರಿಗೆ ತಿಂಗಳಿಗೊಮ್ಮೆ ಆಗುವ ಸ್ರಾವವೂ ನಿಜವಾದ ಮುಟ್ಟಲ್ಲ. 21 ದಿನ ಹಾರ್ಮೋನು ಕೊಟ್ಟು 7 ದಿನ ನಿಲ್ಲಿಸಿದಾಗ ಆ ಬಿಡುವಿನಿಂದ ಉಂಟಾಗುವ ಸ್ರಾವ ಅದು. 1960ರಲ್ಲಿ ಅಮೆರಿಕದಲ್ಲಿ ಮೊದಲ ಗರ್ಭನಿರೋಧಕ ಮಾತ್ರೆಗೆ ಅನುಮತಿ ಸಿಕ್ಕಿದ ಕಾಲದಿಂದಲೂ, ಹೆಂಗಸರಿಗೆ ಇದು ಸಹಜವೆಂದು ತೋರಲಿ ಎಂಬ ಉದ್ದೇಶದಿಂದ ತಿಂಗಳಿಗೊಂದು ಬಿಡುವನ್ನು ಉಳಿಸಿಕೊಂಡು ಬರಲಾಗಿದೆ. 2003ರಲ್ಲಿ ಅದೇ ದೇಶದಲ್ಲಿ 84 ದಿನ ಎಡೆಬಿಡದೆ ಹಾರ್ಮೋನು ನುಂಗಿ ನಂತರ 7 ದಿನ ಬಿಡುವು ಕೊಡುವ ಮಾತ್ರೆಗೂ ಅನುಮತಿ ದೊರೆಯಿತು. ಏಳು ದಿನಗಳ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಎಂದು ಬ್ರಿಟನ್ನಿನ ಪರಿಣತರ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಪ್ರವಾಸಕ್ಕಾಗಿ ಒಂದು ಸಲ ಬಿಡುವನ್ನು ದಾಟಿಸುವುದರಲ್ಲಿ ಅಸಹಜವಾದ ಬಲವಂತವೇನೂ ಇಲ್ಲ ಎನ್ನುವುದಕ್ಕಾಗಿ ಇಷ್ಟನ್ನು ಹೇಳಿದೆ.

ಮೊದಲು ನಿಮಗೆ ಈ ಮಾತ್ರೆ ಆಗುತ್ತದೆಯೇ ಎಂದು ನೋಡಿಕೊಳ್ಳಿ

ಇದು ಇಡೀ ವಿಷಯದ ಅತಿ ಮುಖ್ಯ ಭಾಗ. ಅವಸರದಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಹೆಸರು ಹೇಳಿ ಕೊಳ್ಳುವವರು ದಾಟಿಬಿಡುವುದೂ ಇದನ್ನೇ. ಈಸ್ಟ್ರೋಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ. ಆರೋಗ್ಯವಂತ ಯುವತಿಯಲ್ಲಿ ಆ ಸಂಭವ ಬಹಳ ಕಡಿಮೆ, ಆದರೆ ಕೆಲವರಲ್ಲಿ ಅದು ಪ್ರಾಣಕ್ಕೇ ಕುತ್ತಾಗಬಹುದು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರು, ಬಿ.ಪಿ. 140/90ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವವರು, 35 ದಾಟಿದ್ದು ಧೂಮಪಾನ ಮಾಡುವವರು, ಸ್ತನ ಕ್ಯಾನ್ಸರ್ ಆಗಿರುವವರು, ಯಕೃತ್ತಿನ ತೀವ್ರ ಕಾಯಿಲೆ ಇರುವವರು ಈ ಮಾತ್ರೆಯನ್ನು ತೆಗೆದುಕೊಳ್ಳಬಾರದು. ಹೆರಿಗೆಯಾಗಿ ಆರು ತಿಂಗಳಾಗದ, ಎದೆಹಾಲುಣಿಸುತ್ತಿರುವ ತಾಯಂದಿರಿಗೂ ಇದು ಬೇಡ. ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಮೊದಲು ಆ ಕಾರಣವನ್ನು ಕಂಡುಹಿಡಿಯಬೇಕೇ ಹೊರತು ಮಾತ್ರೆಯಿಂದ ಮುಚ್ಚಿಹಾಕಬಾರದು.

ಅರೆತಲೆನೋವಿನ ಬಗ್ಗೆ ನಾನು ಪ್ರತ್ಯೇಕವಾಗಿ, ಬಿಡಿಸಿ ಬಿಡಿಸಿ ಕೇಳುತ್ತೇನೆ. "ತಲೆನೋವು ಬರುತ್ತದೆಯೇ?" ಎಂದಷ್ಟೇ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ತಲೆನೋವಿಗೆ ಮೊದಲು ಕಣ್ಣಮುಂದೆ ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣುತ್ತವೆಯೇ, ನೋಟದ ಒಂದು ಭಾಗ ಮಸುಕಾಗುತ್ತದೆಯೇ, ಒಂದು ಕೈ ಅಥವಾ ಕೆನ್ನೆ ಜೋಮು ಹಿಡಿದಂತಾಗುತ್ತದೆಯೇ ಎಂಬುದು ನಿಜವಾಗಿ ಕೇಳಬೇಕಾದ ಪ್ರಶ್ನೆ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಈಸ್ಟ್ರೋಜೆನ್ ಇರುವ ಮಾತ್ರೆ ಅವರಿಗೆ ಸಲ್ಲದು, ಏಕೆಂದರೆ ಇಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಒಬ್ಬ ಶಿಕ್ಷಕಿ ಈ ಗೆರೆಗಳ ವಿಷಯವನ್ನು ಹತ್ತು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ. ಕಪ್ಪುಹಲಗೆಯ ಮೇಲೆ ಬರೆದ ಅಕ್ಷರಗಳ ಅಂಚು ಮಿಣುಕಿದಂತೆ ಕಾಣುವುದು ಸೀಮೆಸುಣ್ಣದ ಧೂಳಿನಿಂದ ಎಂದೇ ಅವರು ತಿಳಿದಿದ್ದರು.

ಬೇರೆ ಔಷಧಗಳನ್ನೂ ಮರೆಯದೆ ಹೇಳಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಮತ್ತು ಫಿನೋಬಾರ್ಬಿಟೋನ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ಲ್ಯಾಮೋಟ್ರಿಜಿನ್ ವಿಷಯದಲ್ಲಿ ಇದು ತಿರುವುಮುರುವು: ಗರ್ಭನಿರೋಧಕ ಮಾತ್ರೆಯೇ ಅದರ ಬಲ ಕುಗ್ಗಿಸಿ ಫಿಟ್ಸ್ ಮರುಕಳಿಸುವಂತೆ ಮಾಡಬಹುದು. ಗಂಟಲುನೋವಿಗೋ ಕೆಮ್ಮಿಗೋ ತೆಗೆದುಕೊಳ್ಳುವ ಸಾಮಾನ್ಯ ಆಂಟಿಬಯಾಟಿಕ್‌ಗಳಿಂದ ಇಂಥ ತೊಂದರೆ ಇಲ್ಲ.

ಬಿ.ಪಿ. ನೋಡದೆ ಈ ಮಾತ್ರೆಯನ್ನು ಆರಂಭಿಸಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ನಿಮಿಷದಲ್ಲಿ ಅದನ್ನು ನೋಡಿಬಿಡುತ್ತಾರೆ. ಗರ್ಭ ನಿಂತಿರಬಹುದೇ ಎಂಬ ಅನುಮಾನ ಒಂದಿಷ್ಟು ಇದ್ದರೂ ಮೂತ್ರ ಪರೀಕ್ಷೆ ಮಾಡಿಕೊಂಡೇ ಮುಂದುವರಿಯಿರಿ.

ಮಾತ್ರೆಯ ಪಟ್ಟಿಯನ್ನು ಓದುವುದು ಹೇಗೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ, ಆಶಾ ಕಾರ್ಯಕರ್ತೆಯರೂ ಮನೆಬಾಗಿಲಿಗೆ ತಂದುಕೊಡುವ ಮಾಲಾ-ಎನ್ ಪಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಒಟ್ಟು 28 ಮಾತ್ರೆಗಳಿರುತ್ತವೆ. ಅವುಗಳಲ್ಲಿ 21 ಬಿಳಿಯವು, ಕೊನೆಯ 7 ಕಡುಬಣ್ಣದವು. ಪ್ರತಿ ಬಿಳಿ ಮಾತ್ರೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೋಜೆನ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜೆನ್ ಇವೆ, ಇವೇ ಹಾರ್ಮೋನುಗಳು. ಕಡುಬಣ್ಣದ ಮಾತ್ರೆಗಳಲ್ಲಿ ಇರುವುದು ಬರೀ ಕಬ್ಬಿಣಾಂಶ. ದಿನಕ್ಕೊಂದು ನುಂಗುವ ಅಭ್ಯಾಸ ತಪ್ಪದಿರಲಿ, ಜೊತೆಗೆ ರಕ್ತಹೀನತೆಗೂ ಒಂದಿಷ್ಟು ಸಹಾಯವಾಗಲಿ ಎಂದು ಅವುಗಳನ್ನು ಸೇರಿಸಿದ್ದಾರೆ. ಹಾರ್ಮೋನು ಇಲ್ಲದ ಆ ಏಳು ದಿನಗಳಲ್ಲೇ ಸ್ರಾವವಾಗುವುದು. ಮುಂದೂಡಬೇಕಾದಾಗ ಮಾಡಬೇಕಾದದ್ದು ಇಷ್ಟೆ: 21 ಬಿಳಿ ಮಾತ್ರೆ ಮುಗಿದ ಮರುದಿನವೇ ಕಡುಬಣ್ಣದ ಮಾತ್ರೆಗಳನ್ನು ಬಿಟ್ಟು, ಹೊಸ ಪಟ್ಟಿಯ ಮೊದಲ ಬಿಳಿ ಮಾತ್ರೆಯನ್ನು ನುಂಗಬೇಕು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಎಂಬುದನ್ನು ನಾನು ಒಬ್ಬ ಹೆಣ್ಣುಮಗಳಿಂದ ಕಲಿತೆ. ಎರಡು ಪಟ್ಟಿ ಕೊಟ್ಟು "ನಿಲ್ಲಿಸದೆ ತೆಗೆದುಕೊಳ್ಳಿ" ಎಂದಿದ್ದೆ. ಆಕೆ ಒಂದೂ ತಪ್ಪದೆ, ನಿಲ್ಲಿಸದೆ, ಕಡುಬಣ್ಣದ ಏಳನ್ನೂ ಸೇರಿಸಿ ನುಂಗಿದ್ದರು. ಕಾಶಿಯ ಘಾಟಿನ ಮೆಟ್ಟಿಲಿಳಿಯುವ ದಿನವೇ ಸ್ರಾವ ಶುರುವಾಯಿತು. ತಪ್ಪು ಆಕೆಯದಲ್ಲ, ನನ್ನದು. ಅಂದಿನಿಂದ ಪಟ್ಟಿ ಕೊಡುವಾಗ ಕಡುಬಣ್ಣದ ಸಾಲಿನ ಮೇಲೆ ಬಿಳಿ ಪ್ಲಾಸ್ಟರ್ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದು ಕೊಡುತ್ತೇನೆ. ನೀವೂ ಮನೆಯಲ್ಲಿ ಹಾಗೆಯೇ ಮಾಡಿಕೊಳ್ಳಬಹುದು.

ಓವ್ರಾಲ್-ಎಲ್, ನೊವೆಲಾನ್‌ನಂಥ ಪಟ್ಟಿಗಳಲ್ಲಿ 21 ಹಾರ್ಮೋನು ಮಾತ್ರೆಗಳಷ್ಟೇ ಇರುತ್ತವೆ. ಅಲ್ಲಿ ಬಿಡುವು ಕೊಡದೆ ಮರುದಿನವೇ ಹೊಸ ಪಟ್ಟಿ ಆರಂಭಿಸಿದರಾಯಿತು. ಕೆಲವು ಪಟ್ಟಿಗಳಲ್ಲಿ 24 ಹಾರ್ಮೋನಿನವು, 4 ಖಾಲಿಯವು ಎಂಬ ಲೆಕ್ಕವಿರುತ್ತದೆ; ಅಲ್ಲಿ ಬಿಡಬೇಕಾದದ್ದು ಆ ನಾಲ್ಕನ್ನು. ಇನ್ನು ಕೆಲವು ಪಟ್ಟಿಗಳಲ್ಲಿ ಹಾರ್ಮೋನು ಮಾತ್ರೆಗಳೇ ಎರಡು ಮೂರು ಬಣ್ಣಗಳಲ್ಲಿದ್ದು, ವಾರದಿಂದ ವಾರಕ್ಕೆ ಪ್ರಮಾಣ ಬದಲಾಗುತ್ತದೆ. ಇಂಥವನ್ನು ಬಳಸುವವರು ಕೊನೆಯ ಹಂತದಿಂದ ನೇರವಾಗಿ ಮೊದಲ ಹಂತಕ್ಕೆ ಹಾರಿದರೆ ಪ್ರಮಾಣ ತಗ್ಗಿ ಸ್ರಾವ ಕಾಣಿಸಿಕೊಳ್ಳಬಹುದು. ಆದ್ದರಿಂದ ಯಾವ ಬಣ್ಣವನ್ನು ಮುಂದುವರಿಸಬೇಕೆಂದು ವೈದ್ಯರಿಂದ ಕೇಳಿ ತಿಳಿಯಬೇಕು.

ಛಾಯಾ ಎಂಬ ವಾರದ ಮಾತ್ರೆ ಈ ಕೆಲಸಕ್ಕೆ ಅಲ್ಲ. ಅದರಲ್ಲಿ ಹಾರ್ಮೋನೇ ಇಲ್ಲ, ಮುಟ್ಟಿನ ದಿನವನ್ನು ಅದರಿಂದ ನಮಗೆ ಬೇಕಾದಂತೆ ಹೊಂದಿಸಲಾಗದು. ಅಸುರಕ್ಷಿತ ಸಂಪರ್ಕದ ನಂತರ ನುಂಗುವ ತುರ್ತು ಮಾತ್ರೆಯನ್ನಂತೂ ಇದಕ್ಕಾಗಿ ಎಂದೂ ಬಳಸಬೇಡಿ. ಅದು ಮುಟ್ಟನ್ನು ಹಿಂದಕ್ಕೂ ತರಬಹುದು, ಮುಂದಕ್ಕೂ ತಳ್ಳಬಹುದು.

ದಿನಗಳ ಲೆಕ್ಕ

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನೀವು ಡಿಸೆಂಬರ್ 20ರಂದು ಹೊರಟು 28ಕ್ಕೆ ಮರಳುತ್ತೀರಿ. ನಿಮ್ಮ ಚಕ್ರ 28 ದಿನಗಳದ್ದು, ನವೆಂಬರ್ 1ರಂದು ಮುಟ್ಟಾಗಿದ್ದೀರಿ. ಮುಂದಿನದು ನವೆಂಬರ್ 29ಕ್ಕೆ, ಅದರ ಮುಂದಿನದು ಡಿಸೆಂಬರ್ 27ಕ್ಕೆ ಬರಬೇಕು, ಅಂದರೆ ಪ್ರವಾಸದ ಕೊನೆಯಲ್ಲಿ. ನೀವು ಈಗ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ ಎಂದಿಟ್ಟುಕೊಳ್ಳಿ. ನವೆಂಬರ್ ಮಧ್ಯದೊಳಗೆ ವೈದ್ಯರನ್ನು ಕಂಡು, ನವೆಂಬರ್ 29ರಂದು ಸ್ರಾವ ಆರಂಭವಾದ ದಿನವೇ ಮೊದಲ ಬಿಳಿ ಮಾತ್ರೆಯನ್ನು ನುಂಗಿ. 21ನೆಯ ಮಾತ್ರೆ ಡಿಸೆಂಬರ್ 19ಕ್ಕೆ ಮುಗಿಯುತ್ತದೆ. ಸಾಮಾನ್ಯ ಕ್ರಮದಲ್ಲಾದರೆ ಇಲ್ಲಿ ಬಿಡುವು ಬಂದು, ಪ್ರವಾಸದ ಮೂರನೆಯ ದಿನದ ಹೊತ್ತಿಗೆ ಸ್ರಾವವಾಗುತ್ತಿತ್ತು. ಅದರ ಬದಲು ಡಿಸೆಂಬರ್ 20ರಂದು ಎರಡನೆಯ ಪಟ್ಟಿಯನ್ನು ಆರಂಭಿಸಿ, 28ರವರೆಗೆ ಒಂಬತ್ತು ಬಿಳಿ ಮಾತ್ರೆಗಳನ್ನು ತೆಗೆದುಕೊಳ್ಳಿ. ಒಟ್ಟು 30 ಮಾತ್ರೆಗಳಾದವು. ಮನೆಗೆ ಬಂದು ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನಗಳಲ್ಲಿ, ಎಂದರೆ ಹೊಸವರ್ಷದ ಆಸುಪಾಸಿನಲ್ಲಿ ಸ್ರಾವ ಕಾಣಿಸಿಕೊಳ್ಳುತ್ತದೆ.

ಮಾತ್ರೆಯನ್ನು ಗರ್ಭನಿರೋಧಕವಾಗಿಯೂ ಮುಂದುವರಿಸುವುದಾದರೆ ಬಿಡುವು ಏಳು ದಿನಗಳನ್ನು ಮೀರಬಾರದು. ಎಂಟನೆಯ ದಿನ, ಸ್ರಾವ ನಿಂತಿರಲಿ ಬಿಡಲಿ, ಹೊಸ ಪಟ್ಟಿ ಶುರುವಾಗಬೇಕು. ಮೊದಲ ಬಾರಿ ಆರಂಭಿಸುವವರು ಮುಟ್ಟಿನ ಮೊದಲ ಐದು ದಿನಗಳೊಳಗೆ ಆರಂಭಿಸಿದರೆ ಗರ್ಭದಿಂದಲೂ ಅಂದಿನಿಂದಲೇ ರಕ್ಷಣೆ ಇರುತ್ತದೆ. ಅನಂತರ ಆರಂಭಿಸಿದರೆ ಮೊದಲ ಏಳು ದಿನ ಕಾಂಡೋಮ್ ಬಳಸಬೇಕು. ಚಕ್ರದ ನಡುವೆ ಎಲ್ಲೋ ಶುರುಮಾಡಿ ಮುಟ್ಟು ತಪ್ಪೀತು ಎಂದು ನಂಬಿಕೊಂಡರೆ ಅದು ಅನೇಕ ವೇಳೆ ಕೈಕೊಡುತ್ತದೆ.

ನನ್ನ ಸಲಹೆ ಕೇಳಿದರೆ, ಸಮಯವಿದ್ದವರು ಇನ್ನೂ ಒಂದು ಚಕ್ರ ಹಿಂದಿನಿಂದಲೇ ಮಾತ್ರೆ ಆರಂಭಿಸುವುದು ಒಳ್ಳೆಯದು. ಮೊದಲ ತಿಂಗಳಲ್ಲಿ ವಾಕರಿಕೆ, ಎದೆ ಬಿಗಿತ, ಚುಕ್ಕೆ ಚುಕ್ಕೆಯಾಗಿ ರಕ್ತ ಕಾಣುವುದು ಹೆಚ್ಚು. ಶರೀರಕ್ಕೆ ಮಾತ್ರೆ ಒಗ್ಗಿದ ಮೇಲೆ ಇವು ತಗ್ಗುತ್ತವೆ. ಪಿಸಿಓಡಿ ಇದ್ದು ಮುಟ್ಟಿನ ದಿನವೇ ಗೊತ್ತಿಲ್ಲದವರಿಗೆ ಈ ದಾರಿ ಇನ್ನೂ ಹೆಚ್ಚು ಅನುಕೂಲ, ಏಕೆಂದರೆ ಇಲ್ಲಿ ದಿನವನ್ನು ಊಹಿಸಬೇಕಾದ ಪ್ರಮೇಯವೇ ಬರುವುದಿಲ್ಲ. ದಿನವನ್ನು ಮಾತ್ರೆಯೇ ನಿರ್ಧರಿಸುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗಂತೂ ಕೆಲಸ ತೀರಾ ಸುಲಭ, ಅವರು ಒಂದು ಪಟ್ಟಿ ಹೆಚ್ಚಿಗೆ ತಂದಿಟ್ಟುಕೊಂಡರೆ ಸಾಕು.

ತಡವಾಗಿ ನೆನಪಾದವರಿಗೆ

ಪ್ರವಾಸಕ್ಕೆ ಹತ್ತು ದಿನ ಮಾತ್ರ ಉಳಿದಿದ್ದರೆ ಗರ್ಭನಿರೋಧಕ ಮಾತ್ರೆಯ ದಾರಿ ಮುಚ್ಚಿದಂತೆಯೇ. ಆಗ ವೈದ್ಯರು ಬರೆದುಕೊಡುವುದು ಸಾಮಾನ್ಯವಾಗಿ 5 ಮಿಲಿಗ್ರಾಂನ ನಾರ್ಎಥಿಸ್ಟರಾನ್ ಎಂಬ ಪ್ರೊಜೆಸ್ಟೋಜೆನ್. ಪ್ರಿಮೋಲಟ್-ಎನ್, ರೆಜೆಸ್ಟ್ರೋನ್ ಎಂಬ ಹೆಸರುಗಳಲ್ಲಿ ಜನ ಗುರುತಿಸುವುದು ಇದನ್ನೇ. ಮುಟ್ಟಿನ ನಿರೀಕ್ಷಿತ ದಿನಕ್ಕೆ ಮೂರು ದಿನ ಮೊದಲು ಆರಂಭಿಸಿ, ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳಬೇಕು. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಡಿಸೆಂಬರ್ 24ಕ್ಕೆ ಆರಂಭವಾಗಿ 28ರ ರಾತ್ರಿಗೆ ಮುಗಿಯುತ್ತದೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ಇದನ್ನು ಎಳೆಯುವುದು ತರವಲ್ಲ.

ಇದರ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ, ಎರಡೂ ದುಬಾರಿಯಾದವು. ಮೊದಲನೆಯದು, ಮುಟ್ಟು ನಿಲ್ಲಿಸಿದೆ ಎಂದ ಮೇಲೆ ಗರ್ಭವನ್ನೂ ತಡೆಯುತ್ತದೆ ಎಂಬುದು. ಹೀಗೆ ಬಳಸಿದಾಗ ನಾರ್ಎಥಿಸ್ಟರಾನ್ ಗರ್ಭನಿರೋಧಕವಲ್ಲ. ಅಂಡ ಆಗಲೇ ಬಿಡುಗಡೆಯಾಗಿರುತ್ತದೆ. ಮದುವೆಯಾದ ಹೊಸದರಲ್ಲಿ ತಿರುಗಾಟಕ್ಕೆ ಹೊರಡುವ ದಂಪತಿಗಳಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ. ಎರಡನೆಯದು, ಇದರಲ್ಲಿ ಈಸ್ಟ್ರೋಜೆನ್ ಇಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಇಲ್ಲ ಎಂಬುದು. ಈ ಪ್ರಮಾಣದಲ್ಲಿ ನುಂಗಿದ ನಾರ್ಎಥಿಸ್ಟರಾನಿನ ಒಂದಂಶ ಶರೀರದೊಳಗೆ ಎಥಿನೈಲ್ ಎಸ್ಟ್ರಡಯಾಲ್ ಎಂಬ ಅದೇ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಆದ್ದರಿಂದ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಣ್ಣಮುಂದೆ ಗೆರೆ ಕಾಣುವ ಅರೆತಲೆನೋವಿನವರಿಗೆ ಇದೂ ಸುರಕ್ಷಿತವಲ್ಲ. ಅಂಥವರಿಗೆ ಹೊಂದುವ ಬೇರೆ ಪ್ರೊಜೆಸ್ಟೋಜೆನ್ ಇದೆಯೇ ಎಂಬುದನ್ನು ವೈದ್ಯರು ನೋಡಿ ಹೇಳುತ್ತಾರೆ. ಮಾತ್ರೆಯನ್ನು ಚೀಟಿ ಇಲ್ಲದೆ ಅಂಗಡಿಯಿಂದ ತರಬೇಡಿ ಎಂದು ನಾನು ಒತ್ತಿ ಹೇಳುವುದು ಇಂಥವರ ಸಲುವಾಗಿಯೇ.

ಮುಟ್ಟು ಶುರುವಾದ ಮೇಲೆ ಅದನ್ನು ನಿಲ್ಲಿಸಲು ಇದನ್ನು ನುಂಗಿ ಪ್ರಯೋಜನವಿಲ್ಲ. ನಿಂಬೆರಸ ಕುಡಿದರೆ ಮುಟ್ಟು ಮುಂದೆ ಹೋಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಪ್ರಯಾಣದಲ್ಲಿ

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ನುಂಗುವ ರೂಢಿ ಮಾಡಿಕೊಳ್ಳಿ. ವಾಕರಿಕೆ ಇದ್ದರೂ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಶರೀರಕ್ಕೆ ಸೇರಿದ್ದನ್ನು ನಂಬುವಂತಿಲ್ಲ, ಇನ್ನೊಂದನ್ನು ತೆಗೆದುಕೊಳ್ಳಬೇಕಾಗುತ್ತದೆ. ಆಗುಂಬೆಯ ತಿರುವುಗಳಲ್ಲಿ, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟು ಕುಳಿತುಕೊಳ್ಳುವವರು ಬೆಳಿಗ್ಗೆ ಹೊರಡುವ ಮುನ್ನ ಮಾತ್ರೆ ನುಂಗಿದರೆ ಆ ಮಾತ್ರೆ ಘಾಟಿಯಲ್ಲೇ ಹೋಯಿತೆಂದು ಲೆಕ್ಕ. ರಾತ್ರಿ ತಂಗುವ ಜಾಗಕ್ಕೆ ತಲುಪಿ, ಊಟ ಮಾಡಿ, ಹಲ್ಲುಜ್ಜುವಾಗ ನುಂಗಿ. ಜೋರು ಭೇದಿ ಒಂದು ದಿನಕ್ಕಿಂತ ಹೆಚ್ಚು ಕಾಲ ಮುಂದುವರಿದರೂ ಮಾತ್ರೆ ತಪ್ಪಿದಂತೆಯೇ ಎಣಿಸಿ. ಈ ಕಾರಣಕ್ಕಾಗಿಯೇ ಲೆಕ್ಕಕ್ಕೆ ಬೇಕಾದುದಕ್ಕಿಂತ ಒಂದು ಪಟ್ಟಿ ಹೆಚ್ಚಿಗೆ ಇರಲಿ, ಅದು ಕೈಚೀಲದಲ್ಲಿರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರೆ ಇಡಬೇಡಿ.

ಒಂದು ಮಾತ್ರೆ ಮರೆತರೆ ನೆನಪಾದ ತಕ್ಷಣ ನುಂಗಿ, ಮುಂದಿನದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಮರೆತಿದ್ದರೆ ಹಿಂದಿನವನ್ನೆಲ್ಲ ಒಟ್ಟಿಗೆ ನುಂಗದೆ, ಒಂದನ್ನು ಮಾತ್ರ ತಕ್ಷಣ ತೆಗೆದುಕೊಂಡು ಮುಂದುವರಿಸಿ, ಏಳು ದಿನ ಕಾಂಡೋಮ್ ಬಳಸಿ. ಸ್ರಾವ ಬಂದುಬಿಡುವ ಸಂಭವವೂ ಆಗ ಹೆಚ್ಚು.

ವಿದೇಶಕ್ಕೆ ಹೋಗುವವರಿಗೆ ಗಡಿಯಾರದ ಗೊಂದಲವಿರುತ್ತದೆ. ಮಗಳ ಮನೆಗೋ ಅಕ್ಕನ ಮನೆಗೋ ಎಂದು ಕ್ಯಾಲಿಫೋರ್ನಿಯಾಕ್ಕೆ ಹೊರಡುವವರು ಇಲ್ಲಿ ರಾತ್ರಿ 9ಕ್ಕೆ ನುಂಗುತ್ತಿದ್ದರೆ, ಚಳಿಗಾಲದಲ್ಲಿ ಅಲ್ಲಿನ ಬೆಳಗಿನ 7.30ಕ್ಕೆ ನುಂಗಬೇಕು, ಲಂಡನ್ನಿನಲ್ಲಾದರೆ ಮಧ್ಯಾಹ್ನ 3.30. ಎರಡು ಮಾತ್ರೆಗಳ ನಡುವಿನ ಅಂತರ 24 ಗಂಟೆ ಮೀರದಿದ್ದರೆ ಸಾಕು, ಕಡಿಮೆಯಾದರೆ ತೊಂದರೆ ಇಲ್ಲ. ಫೋನಿನಲ್ಲಿ ಭಾರತದ ಸಮಯಕ್ಕೆ ಅಲಾರಂ ಇಟ್ಟುಕೊಳ್ಳುವುದು ಸುಲಭದ ಉಪಾಯ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕದೆ, ಮೂಲ ಪಟ್ಟಿಯಲ್ಲೇ, ವೈದ್ಯರ ಚೀಟಿಯ ಜೊತೆಗೆ ಒಯ್ಯಿರಿ.

ನಾಲ್ಕು ಗಂಟೆಗಿಂತ ದೀರ್ಘವಾದ ವಿಮಾನ ಅಥವಾ ಬಸ್ ಪ್ರಯಾಣದಲ್ಲಿ ಕಾಲು ಆಡಿಸದೆ ಕುಳಿತಿರುವುದರಿಂದಲೇ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ; ಮಾತ್ರೆಯೂ ಸೇರಿದಾಗ ಎಚ್ಚರ ಇನ್ನಷ್ಟು ಬೇಕು. ಗಂಟೆಗೊಮ್ಮೆ ಎದ್ದು ನಡೆಯಿರಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಶೌಚಾಲಯದ ಅಂಜಿಕೆಯಿಂದ ನೀರು ಕುಡಿಯುವುದನ್ನು ಬಿಡಬೇಡಿ. 4,500 ಮೀಟರಿಗಿಂತ ಎತ್ತರದಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಚಾರಣ ಮಾಡುವವರಿಗೆ ಈಸ್ಟ್ರೋಜೆನ್ ಇರುವ ಮಾತ್ರೆ ಬೇಡವೆಂದೇ ನನ್ನ ಅಭಿಪ್ರಾಯ. ಸುಮಾರು 3,500 ಮೀಟರಿನ ಲೇಹ್ ಪಟ್ಟಣಕ್ಕೆ ಹೋಗಿಬರುವವರಿಗೆ ಈ ನಿರ್ಬಂಧವಿಲ್ಲ, ಕೈಲಾಸ ಮಾನಸಸರೋವರದಂಥ ಯಾತ್ರೆಗೆ ಹೊರಟವರು ಮಾತ್ರ ವೈದ್ಯರ ಜೊತೆ ಕುಳಿತು ಮಾತನಾಡಲೇಬೇಕು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವರಿಗೆ ನಡುವೆ ಚುಕ್ಕೆ ಚುಕ್ಕೆಯಾಗಿ ರಕ್ತ ಕಾಣಿಸಿಕೊಳ್ಳುತ್ತದೆ. ಹೆದರಿ ಮಾತ್ರೆ ನಿಲ್ಲಿಸಿದರೆ ಅದು ಪೂರ್ತಿ ಸ್ರಾವವಾಗಿ ಹರಿಯುತ್ತದೆ, ನಿಲ್ಲಿಸದೆ ಮುಂದುವರಿಸಿ. ನಿಮ್ಮಷ್ಟಕ್ಕೆ ನೀವೇ ದಿನಕ್ಕೆ ಎರಡೆರಡು ನುಂಗಲು ಹೋಗಬೇಡಿ. ನಾಲ್ಕೈದು ಪ್ಯಾಡುಗಳು ಚೀಲದಲ್ಲಿ ಹೇಗೂ ಇರಲಿ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರುಕಟ್ಟುವುದು, ಎಂದೂ ಬಾರದಂಥ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಮುಖ ಅಥವಾ ಕೈ ಸ್ವಾಧೀನ ತಪ್ಪುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಮಾತ್ರೆಯನ್ನು ನಿಲ್ಲಿಸಿ, ಪ್ರವಾಸದ ಯೋಜನೆಯನ್ನು ಪಕ್ಕಕ್ಕಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಮೊದಲ ಮಾತಿನಲ್ಲೇ ತಿಳಿಸಿ. ಮುಟ್ಟಿನ ವಿಷಯವೆಂದು ಸಂಕೋಚದಿಂದ ಮುಚ್ಚಿಟ್ಟರೆ ವೈದ್ಯರು ಬೇರೆ ಕಾರಣಗಳನ್ನು ಹುಡುಕುತ್ತಾ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ.

ಮರಳಿ ಬಂದ ಮೇಲೆ

ಮಾತ್ರೆ ನಿಲ್ಲಿಸಿದ ನಂತರ ಬರುವ ಸ್ರಾವ ಎಂದಿಗಿಂತ ತುಸು ಹೆಚ್ಚೋ ಕಡಿಮೆಯೋ ಇರಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಂಡವರಲ್ಲಿ ಅನೇಕರಿಗೆ ಅದು ಕಡಿಮೆಯೇ ಇರುತ್ತದೆ. ನಿಲ್ಲಿಸಿ ಹತ್ತು ದಿನವಾದರೂ ಏನೂ ಕಾಣದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಮುಂದಿನ ಮುಟ್ಟು ಒಂದೆರಡು ವಾರ ಹಿಂದುಮುಂದಾಗುವುದೂ ಉಂಟು, ಆಮೇಲೆ ಹಳೆಯ ಕ್ರಮ ತಾನಾಗಿಯೇ ಮರಳುತ್ತದೆ. ಈ ಮಾತ್ರೆಗಳಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ನಿಲ್ಲಿಸಿದ ಮರು ಚಕ್ರದಲ್ಲೇ ಗರ್ಭ ನಿಂತವರಿದ್ದಾರೆ, ಆದ್ದರಿಂದ ಗರ್ಭ ಬೇಡವಾದವರು ಅಂದಿನಿಂದಲೇ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಉಳಿದ ಮಾತ್ರೆಗಳನ್ನು ತಂಗಿಗೋ ಪಕ್ಕದ ಮನೆಯವರಿಗೋ "ನನಗೆ ಏನೂ ಆಗಲಿಲ್ಲ, ನೀನೂ ತಗೋ" ಎಂದು ಕೊಡಬೇಡಿ. ಆಕೆಯ ಬಿ.ಪಿ. ಎಷ್ಟು, ತಲೆನೋವಿಗೆ ಮುನ್ನ ಆಕೆಯ ಕಣ್ಣಿಗೆ ಏನು ಕಾಣುತ್ತದೆ ಎಂಬುದು ನಿಮಗೆ ಗೊತ್ತಿರುವುದಿಲ್ಲ, ಅನೇಕ ವೇಳೆ ಆಕೆಗೂ ಗೊತ್ತಿರುವುದಿಲ್ಲ. ಆಕೆಯೂ ಪ್ರವಾಸಕ್ಕೆ ಹೊರಟಿದ್ದರೆ, ಹೊರಡಲು ಇನ್ನೂ ಒಂದೂವರೆ ತಿಂಗಳಿರುವಾಗ, ಮುಟ್ಟಿನ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗಲು ಹೇಳಿ.